ಸಾಂಕ್ರಾಮಿಕ ಕಾಲದ ಹೊರ ಓಡಾಟ ಮತ್ತು ಸುರಕ್ಷತೆ

ಸಾಂಕ್ರಾಮಿಕ ರೋಗವೊಂದು ಊರಿಗೆ ಊರನ್ನೇ ಹಿಡಿದಿರುವಾಗಲೂ ಜನ ಮನೆಯೊಳಗೇ ಕುಳಿತಿರಲಾಗದು. ರೇಷನ್ ತರಬೇಕು, ಕೂಲಿಗೆ ಹೋಗಬೇಕು, ಡಯಾಲಿಸಿಸ್ ತಪ್ಪಿಸುವಂತಿಲ್ಲ, ಪರೀಕ್ಷೆ ಬರೆಯಬೇಕು, ಸಾವಿನ ಮನೆಗೆ ಹೋಗಿಬರಬೇಕು. ಹೀಗೆ ಹೊರಬಿದ್ದವರು ತಮಗೆ ಸೋಂಕು ತಗುಲದಂತೆ, ತಮ್ಮಿಂದ ಇನ್ನೊಬ್ಬರಿಗೆ ದಾಟದಂತೆ ಪಾಲಿಸುವ ಎಚ್ಚರಗಳು ಈ ಲೇಖನದ ವಿಷಯ. ಹೆಚ್ಚಿನ ವಿವರ ಕೋವಿಡ್-19ರದ್ದು. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಜಾಗತಿಕ ಸಾಂಕ್ರಾಮಿಕ ಎಂದು ಕರೆಯಿತು; ಅಂತಾರಾಷ್ಟ್ರೀಯ ತುರ್ತುಸ್ಥಿತಿಯನ್ನು ಕೊನೆಗೊಳಿಸಿದ್ದು 2023ರ ಮೇ 5ರಂದು. ಪ್ಲೇಗು, 1918ರ ಇನ್‌ಫ್ಲುಯೆಂಜಾ ಮುಂತಾದವುಗಳಿಂದ ಕಲಿತದ್ದೂ ಇಲ್ಲಿದೆ.

ಎಲ್ಲ ಸಾಂಕ್ರಾಮಿಕಗಳಿಗೂ ಒಗ್ಗುವ ಒಂದೇ ನಿಯಮಾವಳಿ ಎಂಬುದಿಲ್ಲ. ರೋಗಾಣು ಯಾವ ದಾರಿಯಲ್ಲಿ ದೇಹ ಸೇರುತ್ತದೆ ಎಂದು ಗೊತ್ತಾದ ಮೇಲಷ್ಟೇ ಹೊರಗೆ ಏನು ಮಾಡಬೇಕೆಂದು ಹೇಳಬಹುದು. ಕಾಲರಾ ಬರುವುದು ನೀರಿನಿಂದ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನ ಪಂಪಿನ ಸುತ್ತ ಸಾವುಗಳು ಗುಂಪುಗೂಡಿದ್ದನ್ನು ಜಾನ್ ಸ್ನೋ ತೋರಿಸಿಕೊಟ್ಟ ಮೇಲೆ ಆ ಪಂಪಿನ ಹಿಡಿಯನ್ನೇ ಕಿತ್ತುಹಾಕಿದರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣುಗು ಕಚ್ಚುವುದರಿಂದ ಬರುತ್ತದೆ. ಸೊಪ್ಪು ಸೌದೆಗೆಂದು ಕಾಡಿಗೆ ಹೋಗುವ ಮಲೆನಾಡಿನವರಿಗೆ ಅಲ್ಲಿ ಮಾಸ್ಕಿನಿಂದ ಪ್ರಯೋಜನವಿಲ್ಲ; ಕೈಕಾಲಿಗೆ ಸವರಿಕೊಳ್ಳುವ ಡೆಪಾ ಎಣ್ಣೆ, ಮೈ ಮುಚ್ಚುವ ಬಟ್ಟೆ, ಮರಳಿದ ಕೂಡಲೇ ಸ್ನಾನ, ಇವು ಬೇಕು. ಮಾತು, ಉಸಿರು, ಕೆಮ್ಮಿನಿಂದ ದಾಟುವ ರೋಗಕ್ಕೆ ಬೇರೆಯದೇ ಲೆಕ್ಕ. ಆಡಳಿತಗಳು ಪದೇಪದೇ ಎಡವಿದ್ದು ಈ ಜಾಗದಲ್ಲೇ. ಹಳೆಯ ರೋಗಕ್ಕೆ ಮಾಡಿದ್ದನ್ನು ಹೊಸದಕ್ಕೂ ಮಾಡಿದರು, ಕಣ್ಣಿಗೆ ಕಾಣುವ ಕ್ರಮಗಳಿಗೆ ಹೆಚ್ಚು ದುಡ್ಡು ಸುರಿದರು, ಕಾಣದ ಗಾಳಿಯನ್ನು ಕೊನೆಗೆ ಬಿಟ್ಟರು.

ಹಿಂದಿನ ಸಾಂಕ್ರಾಮಿಕಗಳು

1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಮರುವರ್ಷದ ಫೆಬ್ರುವರಿಯಲ್ಲಿ ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ತಂದು, ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಇಳಿಸಿ ತಪಾಸಣೆ ಮಾಡುವ, ಮನೆ ನುಗ್ಗಿ ರೋಗಿಗಳನ್ನು ಹೊತ್ತೊಯ್ಯುವ ಅಧಿಕಾರವನ್ನು ಅಧಿಕಾರಿಗಳ ಕೈಗಿತ್ತಿತು. ಮದ್ರಾಸ್ ಪ್ರಾಂತದಲ್ಲಿ ಪ್ಲೇಗಿನ ಊರುಗಳಿಂದ ಬಂದವರಿಗೆ 'ಪ್ಲೇಗ್ ಪಾಸ್‌ಪೋರ್ಟ್' ಕೊಟ್ಟು, ಅವರು ದಿನವೂ ಹೋಗಿ ಅಧಿಕಾರಿಗೆ ಮುಖ ತೋರಿಸಬೇಕೆಂದು ವಿಧಿಸಲಾಗಿತ್ತು. 1898ರ ಆಗಸ್ಟ್‌ನಲ್ಲಿ ಹುಬ್ಬಳ್ಳಿ ಕಡೆಯಿಂದ ರೈಲಿನ ದಾರಿ ಹಿಡಿದು ಪ್ಲೇಗು ಬೆಂಗಳೂರಿಗೂ ಬಂತು. ಅದರ ಬೆನ್ನಿಗೇ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಎದ್ದವು. ಅಲ್ಲಿನ ಅಗಲವಾದ ರಸ್ತೆಗಳಿಗೂ ಮನೆಮನೆಯ ನಡುವಿನ ಬಿಡುವಿಗೂ ಪ್ಲೇಗಿನ ಭಯವೇ ಮೂಲ. ಪ್ಲೇಗಮ್ಮ, ಪ್ಲೇಗ್ ಮಾರಮ್ಮ ಎಂಬ ಗುಡಿಗಳು ನಗರದಲ್ಲಿ ಈಗಲೂ ಇವೆ.

ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗು ಮನುಷ್ಯರಿಗೆ ದಾಟುತ್ತದೆ ಎಂದು ಪಾಲ್ ಲೂಯಿ ಸೀಮೋ ಕರಾಚಿಯಲ್ಲಿ ಕಂಡುಕೊಂಡದ್ದೂ 1898ರಲ್ಲೇ. ಅದು ಒಪ್ಪಿತವಾಗಲು ವರ್ಷಗಳೇ ಹಿಡಿದವು. ಅಷ್ಟರಲ್ಲಿ ಹಳ್ಳಿಯ ಜನ ತಮ್ಮದೇ ದಾರಿ ಕಂಡುಕೊಂಡಿದ್ದರು. ಮನೆಯಲ್ಲಿ ಇಲಿ ಬಿದ್ದು ಸತ್ತರೆ ಊರು ಖಾಲಿ ಮಾಡಿ ಹೊಲ, ತೋಪುಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಸಿದ್ಧಾಂತ ಗೊತ್ತಿಲ್ಲದಿದ್ದರೂ ಆ ಕ್ರಮ ಸರಿಯಾಗಿತ್ತು, ಏಕೆಂದರೆ ಇಲಿ, ಚಿಗಟಗಳು ಹಿಂದೆ ಉಳಿಯುತ್ತಿದ್ದವು. ಬಟ್ಟೆಬರೆ ಸುಟ್ಟು ಗೋಡೆಗೆ ರಾಸಾಯನಿಕ ಎರಚಿದ ಸರ್ಕಾರಿ ಕಾರ್ಯಾಚರಣೆಗಿಂತ ಈ ಗುಡಿಸಲ ವಾಸವೇ ಹೆಚ್ಚು ಜೀವ ಉಳಿಸಿರಬೇಕು.

ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುವ ಪದ್ಧತಿ ಸಾರ್ವಜನಿಕ ಆರೋಗ್ಯದ ಅಸ್ತ್ರವಾದದ್ದು ಮಂಚೂರಿಯಾದಲ್ಲಿ. 1910ರ ಕೊನೆಗೆ ಹಾರ್ಬಿನ್ ನಗರದಲ್ಲಿ ಹಬ್ಬಿದ್ದು ಶ್ವಾಸಕೋಶದ ಪ್ಲೇಗು. ಪೆನಾಂಗ್‌ನಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಓದಿದ ವೂ ಲಿಯನ್‌ಟೆ ಎಂಬ ಯುವ ವೈದ್ಯರು, ಇದು ಚಿಗಟದ ಕೆಲಸವಲ್ಲ, ಉಸಿರಿನಿಂದ ಉಸಿರಿಗೆ ದಾಟುತ್ತಿದೆ ಎಂದು ಹೇಳಿ, ಗಾಜ್ ಬಟ್ಟೆಯ ನಡುವೆ ಹತ್ತಿ ಇಟ್ಟ ಮುಖಗವಸು ಹಾಕಿಕೊಳ್ಳಲು ಒತ್ತಾಯಿಸಿದರು. ಅವರ ಮಾತನ್ನು ತಳ್ಳಿಹಾಕಿ ಬರಿಮುಖದಲ್ಲೇ ವಾರ್ಡಿಗೆ ಹೋದ ಹಿರಿಯ ಫ್ರೆಂಚ್ ವೈದ್ಯ ಮೆಸ್ನಿ ಕೆಲವೇ ದಿನಗಳಲ್ಲಿ, 1911ರ ಜನವರಿಯಲ್ಲಿ ತೀರಿಕೊಂಡರು. ಆ ಮೇಲೆ ಯಾರಿಗೂ ಒತ್ತಾಯ ಮಾಡಬೇಕಾಗಲಿಲ್ಲ. ಸುಮಾರು 60,000 ಜನರನ್ನು ಬಲಿತೆಗೆದುಕೊಂಡ ಆ ಪ್ಲೇಗು ವಸಂತದ ಹೊತ್ತಿಗೆ ಅಡಗಿತು.

1918ರ ಇನ್‌ಫ್ಲುಯೆಂಜಾ ಭಾರತಕ್ಕೆ ಬಂದದ್ದು ಮುಂಬಯಿ ಬಂದರಿನ ಮೂಲಕ. ಜೂನ್‌ನಲ್ಲಿ ಬಂದರು ಕಾವಲಿನ ಪೊಲೀಸ್ ಪೇದೆಗಳು ಮೊದಲು ಹಾಸಿಗೆ ಹಿಡಿದರು. ದೇಶದಲ್ಲಿ ಸತ್ತವರ ಸಂಖ್ಯೆಯನ್ನು 1.2 ಕೋಟಿಯಿಂದ 1.8 ಕೋಟಿಯವರೆಗೆ ಅಂದಾಜಿಸುತ್ತಾರೆ. ಹೊರಗೆ ಜನ ಸೇರುವುದರ ಬೆಲೆ ಏನೆಂಬುದಕ್ಕೆ ಇತಿಹಾಸಕಾರರು ಉದಾಹರಿಸುವುದು ಮಾತ್ರ ಅಮೆರಿಕದ ಎರಡು ನಗರಗಳನ್ನು. ಫಿಲಡೆಲ್ಫಿಯಾ ಸೆಪ್ಟೆಂಬರ್ 28ರಂದು ಯುದ್ಧಸಾಲದ ಮೆರವಣಿಗೆಯನ್ನು ನಿಲ್ಲಿಸಲು ಒಪ್ಪಲಿಲ್ಲ. ಸುಮಾರು ಎರಡು ಲಕ್ಷ ಜನ ಸೇರಿದರು, ಕೆಲವೇ ದಿನಗಳಲ್ಲಿ ಆಸ್ಪತ್ರೆಗಳಲ್ಲಿ ಹಾಸಿಗೆ ಇಲ್ಲವಾಯಿತು. ಸೇಂಟ್ ಲೂಯಿಸ್‌ನ ಆರೋಗ್ಯಾಧಿಕಾರಿ ಮ್ಯಾಕ್ಸ್ ಸ್ಟಾರ್ಕ್‌ಲಾಫ್ ಅಕ್ಟೋಬರ್ ಆರಂಭದಲ್ಲೇ ಶಾಲೆ, ಚರ್ಚು, ಚಿತ್ರಮಂದಿರಗಳನ್ನು ಮುಚ್ಚಿಸಿದರು. ಅಲ್ಲಿನ ಸಾವಿನ ಪ್ರಮಾಣ ಬಹಳ ಕಡಿಮೆ ಇತ್ತು. ಸ್ಯಾನ್ ಫ್ರಾನ್ಸಿಸ್ಕೊ ಮಾಸ್ಕ್ ಕಡ್ಡಾಯ ಮಾಡಿತು, ದಂಡ ಹಾಕಿತು, ಹಾಕದವರನ್ನು ಜೈಲಿಗೂ ಕಳಿಸಿತು. 1919ರ ಜನವರಿಯಲ್ಲಿ ಅಲ್ಲಿ 'ಮಾಸ್ಕ್ ವಿರೋಧಿ ಲೀಗ್' ಹುಟ್ಟಿಕೊಂಡಿತು. ಆಗಿನ ಮಾಸ್ಕುಗಳು ಸಡಿಲ ನೇಯ್ಗೆಯ ಗಾಜ್ ಬಟ್ಟೆಯವಾದ್ದರಿಂದ ಅವುಗಳಿಂದ ಹೆಚ್ಚೇನೂ ತಡೆಯಾಗಲಿಲ್ಲ. ನೂರು ವರ್ಷದ ನಂತರ ಕೋವಿಡ್ ಕಾಲದಲ್ಲಿ ಮಾಸ್ಕಿನ ಬಗ್ಗೆ ನಡೆದ ಜಗಳದಲ್ಲಿ ಹೊಸದೇನೂ ಇರಲಿಲ್ಲ ಎಂಬುದು ಇದನ್ನು ಓದಿದವರಿಗೆ ಹೊಳೆಯದೆ ಇರದು.

ಗಾಳಿಯ ಪ್ರಶ್ನೆ

ಕೋವಿಡ್ ಹೇಗೆ ಹರಡುತ್ತದೆ ಎಂಬ ವಾದ ಎರಡು ವರ್ಷ ನಡೆಯಿತು. 2020ರ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆ, ಈ ರೋಗ ಗಾಳಿಯಿಂದ ಹರಡುವುದಿಲ್ಲ ಎಂದು ಖಡಾಖಂಡಿತವಾಗಿ ಸಾರಿತ್ತು. ಕೆಮ್ಮಿದಾಗ, ಸೀನಿದಾಗ ಹೊರಬೀಳುವ ದೊಡ್ಡ ಹನಿಗಳು ಒಂದೆರಡು ಮೀಟರಿನೊಳಗೆ ನೆಲಕ್ಕೆ ಬೀಳುತ್ತವೆ. ಆದ್ದರಿಂದ ಅಷ್ಟು ದೂರ ನಿಂತು, ಕೈ ತೊಳೆದುಕೊಂಡರೆ ಸಾಕು ಎಂಬುದು ಆಗಿನ ನಂಬಿಕೆ. 'ದೋ ಗಜ್ ಕೀ ದೂರಿ' ಎಂಬ ಘೋಷಣೆ, ನ್ಯಾಯಬೆಲೆ ಅಂಗಡಿಯ ಮುಂದೆ ಸುಣ್ಣದಲ್ಲಿ ಬರೆದ ಸುತ್ತುಗಳು, ಎಲ್ಲವೂ ಇದರ ಮೇಲೆಯೇ ನಿಂತಿದ್ದವು.

ಅಷ್ಟರಲ್ಲಿ ಈ ಲೆಕ್ಕಕ್ಕೆ ಒಗ್ಗದ ಘಟನೆಗಳು ಬೆಳಕಿಗೆ ಬಂದವು. 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಗಿಟ್ ಕಣಿವೆಯ ಒಂದು ಗಾಯನ ತಂಡ ಎರಡೂವರೆ ಗಂಟೆ ತಾಲೀಮು ನಡೆಸಿತು. ಬಾಗಿಲಲ್ಲಿ ಸ್ಯಾನಿಟೈಸರ್ ಇತ್ತು, ಯಾರೂ ಕೈಕುಲುಕಲಿಲ್ಲ. ಹಾಜರಿದ್ದ 61 ಮಂದಿಯಲ್ಲಿ 53 ಜನರಿಗೆ ಸೋಂಕು ಖಚಿತವಾಯಿತು ಇಲ್ಲವೆ ತಗುಲಿರಬಹುದೆಂದು ಎಣಿಸಲಾಯಿತು, ಇಬ್ಬರು ತೀರಿಕೊಂಡರು. ಅದೇ ವರ್ಷದ ಜನವರಿಯಲ್ಲಿ ಚೀನಾದ ಗ್ವಾಂಗ್‌ಝೌನ ಒಂದು ಹೋಟೆಲಿನಲ್ಲಿ, ಒಂದೇ ಏಸಿಯ ಗಾಳಿ ಸುತ್ತುತ್ತಿದ್ದ ಮೂರು ಮೇಜುಗಳಲ್ಲಿ ಕುಳಿತ ಮೂರು ಕುಟುಂಬಗಳ 10 ಜನರಿಗೆ ಸೋಂಕಾಯಿತು. ಉಳಿದ ಮೇಜಿನವರಿಗಾಗಲೀ ಬಡಿಸಿದವರಿಗಾಗಲೀ ಆಗಲಿಲ್ಲ. ನಿಂಗ್ಬೊ ಸಮೀಪ ಬೌದ್ಧ ದೇವಾಲಯಕ್ಕೆ ಹೊರಟಿದ್ದ ಒಂದು ಬಸ್ಸಿನಲ್ಲಿ ಒಬ್ಬ ರೋಗಿಯಿಂದ 23 ಸಹಪ್ರಯಾಣಿಕರಿಗೆ ದಾಟಿತು, ಹಲವರು ಅವರಿಂದ ಎಷ್ಟೋ ಸಾಲು ದೂರ ಇದ್ದರು. ಹೊರಗಿನ ಗಾಳಿ ಬೆರೆಯದೆ ಒಳಗಿನದೇ ತಿರುಗುತ್ತಿದ್ದ ಬಸ್ಸು ಅದು.

2020ರ ಜುಲೈಯಲ್ಲಿ ಲಿಡಿಯಾ ಮೊರಾವ್ಸ್ಕಾ ಅವರ ಮುಂದಾಳತನದಲ್ಲಿ 239 ವಿಜ್ಞಾನಿಗಳು, ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳಿಂದ ಸೋಂಕು ದಾಟುವುದನ್ನು ಒಪ್ಪಿಕೊಳ್ಳಿ ಎಂದು ಬಹಿರಂಗ ಪತ್ರ ಬರೆದರು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಸ್ಪಷ್ಟವಾಗಿ ಬರೆದುಕೊಂಡದ್ದು 2021ರಲ್ಲಿ. ಭಾರತದಲ್ಲಿ ಎರಡನೆಯ ಅಲೆ ಉಕ್ಕಿ ಹರಿಯುತ್ತಿದ್ದ 2021ರ ಮೇ ತಿಂಗಳಲ್ಲಿ ಕೇಂದ್ರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ, ಈ ಏರೋಸಾಲ್‌ಗಳು 10 ಮೀಟರಿನವರೆಗೂ ಸಾಗಬಲ್ಲವು, ಕಿಟಕಿ ಬಾಗಿಲು ತೆರೆದಿಡಿ ಎಂದು ಹೇಳಿತು. ಈ ಮಾತು ಒಂದು ವರ್ಷ ಮೊದಲೇ ಬಂದಿದ್ದರೆ ಕಚೇರಿ, ಬ್ಯಾಂಕು, ಕಲ್ಯಾಣ ಮಂಟಪಗಳು ಬೇರೆ ರೀತಿ ತೆರೆಯುತ್ತಿದ್ದವು.

ತಿಳಿಯಲು ಸುಲಭದ ದಾರಿಯೊಂದಿದೆ. ಪಕ್ಕದವನು ಬೀಡಿ ಹಚ್ಚಿದ್ದಾನೆ ಎಂದುಕೊಳ್ಳಿ. ಬಯಲಲ್ಲಿ ನಾಲ್ಕು ಹೆಜ್ಜೆ ಸರಿದರೆ ಹೊಗೆ ಮೂಗಿಗೆ ಬರದು. ಗ್ಲಾಸು ಏರಿಸಿದ ಬಸ್ಸಿನಲ್ಲಿ ಹಿಂದಿನ ಸೀಟಿನವನು ಸೇದಿದರೂ ಮುಂದಿನವನಿಗೆ ಗೊತ್ತಾಗುತ್ತದೆ, ಅವನು ಇಳಿದುಹೋದ ಮೇಲೂ ವಾಸನೆ ಉಳಿದಿರುತ್ತದೆ. ಉಸಿರಿನ ಕಣಗಳು ಹೆಚ್ಚುಕಡಿಮೆ ಹೀಗೇ ವರ್ತಿಸುತ್ತವೆ. ಸುಮ್ಮನೆ ಕುಳಿತವನಿಗಿಂತ ಮಾತಾಡುವವನು, ಮಾತಾಡುವವನಿಗಿಂತ ಜೋರಾಗಿ ಕೂಗುವವನು, ಹಾಡುವವನು ಹಲವು ಪಟ್ಟು ಹೆಚ್ಚು ಕಣಗಳನ್ನು ಹೊರಹಾಕುತ್ತಾನೆ. ಹರಾಜಿನ ಕೂಗು, ಭಜನೆ, ಜಿಮ್ಮಿನ ಏದುಸಿರು ಗ್ರಂಥಾಲಯದ ಮೌನಕ್ಕಿಂತ ಅಪಾಯಕರವಾಗುವುದು ಇದರಿಂದಲೇ.

ಗಾಳಿ ಎಷ್ಟು ಹಳಸಿದೆ ಎಂದು ಅಳೆಯಲು ಕಾರ್ಬನ್ ಡೈಆಕ್ಸೈಡ್ ಮೀಟರುಗಳಿವೆ. ಹೊರಗಿನ ಗಾಳಿಯಲ್ಲಿ ಆ ಅನಿಲ ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 420. ನಾವು ಹೊರಬಿಡುವ ಉಸಿರಿನಲ್ಲಿ ಸುಮಾರು 40,000. ಕೋಣೆಯೊಂದರಲ್ಲಿ ಮೀಟರು 1,000 ದಾಟಿದರೆ ಅಲ್ಲಿನವರು ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಸಾಕಷ್ಟು ಎಳೆದುಕೊಳ್ಳುತ್ತಿದ್ದಾರೆ ಎಂದರ್ಥ. ಎದುರುಬದುರಿನ ಎರಡು ಕಿಟಕಿ ತೆರೆದು, ಒಂದರ ಬಳಿ ಹೊರಮುಖವಾಗಿ ಫ್ಯಾನ್ ಇಟ್ಟರೆ ಅಂಕಿ ಕೆಲವೇ ನಿಮಿಷಗಳಲ್ಲಿ ಇಳಿಯುವುದನ್ನು ಕಣ್ಣಾರೆ ಕಾಣಬಹುದು. ಒಳಗಿನ ಗಾಳಿಯನ್ನೇ ತಿರುಗಿಸುವ ಸ್ಪ್ಲಿಟ್ ಏಸಿಯಿಂದ ಕೋಣೆ ತಣ್ಣಗಾಗುತ್ತದೆ, ಗಾಳಿ ಹೊಸದಾಗುವುದಿಲ್ಲ.

ಮುಖಗವಸು

ಭಾರತದಲ್ಲಿ 2020ರ ಏಪ್ರಿಲ್ ಮೊದಲ ವಾರ ಮನೆಯಲ್ಲೇ ಹೊಲಿದ ಬಟ್ಟೆ ಮಾಸ್ಕ್ ಹಾಕಿಕೊಳ್ಳಿ ಎಂಬ ಸಲಹೆ ಬಂತು; ಏಪ್ರಿಲ್ 15ರಂದು ಗೃಹ ಸಚಿವಾಲಯ ಸಾರ್ವಜನಿಕ ಸ್ಥಳಗಳಲ್ಲಿ ಅದನ್ನು ಕಡ್ಡಾಯಗೊಳಿಸಿತು. ಹೆಗಲ ಮೇಲಿನ ಟವೆಲ್, ಸೆರಗು, ಕರ್ಚೀಫು ಎಲ್ಲವೂ ಮಾಸ್ಕಾದವು. ಏನೂ ಇಲ್ಲದ್ದಕ್ಕಿಂತ ವಾಸಿ ಎಂಬ ಅರ್ಥದಲ್ಲಿ ಆ ಹೊತ್ತಿಗೆ ಅದು ಸರಿ. ಆದರೆ ಎಲ್ಲ ಮಾಸ್ಕುಗಳೂ ಒಂದೇ ಎಂಬ ಭಾವನೆ ಆಗಲೇ ಬೇರೂರಿತು.

ಮಾಸ್ಕಿನ ನೂಲಿನ ನಡುವಿನ ತೂತುಗಳಿಗಿಂತ ವೈರಸ್ ಚಿಕ್ಕದು, ಹಾಗಾಗಿ ಅದು ನಿಲ್ಲದು ಎಂಬ ವಾದ ಆಗಾಗ ಕೇಳಿಬರುತ್ತದೆ. ವೈರಸ್ ಒಂಟಿಯಾಗಿ ಹಾರುವುದಿಲ್ಲ, ಎಂಜಲಿನ ಕಣದೊಳಗೆ ಕುಳಿತು ಬರುತ್ತದೆ. ಎನ್95ರಂಥ ಮಾಸ್ಕಿನ ನಾರುಗಳಲ್ಲಿ ಸ್ಥಿರವಿದ್ಯುತ್ತಿನ ಆವೇಶವೂ ಇರುವುದರಿಂದ ಹತ್ತಿರ ಸುಳಿದ ಕಣವನ್ನು ಸೆಳೆದು ಹಿಡಿದುಕೊಳ್ಳುತ್ತವೆ. 0.3 ಮೈಕ್ರಾನಿನ ಆಸುಪಾಸಿನ ಕಣಗಳೇ ತಪ್ಪಿಸಿಕೊಳ್ಳುವುದರಲ್ಲಿ ಚಾಲಾಕು. ಅವುಗಳಲ್ಲೂ ಕನಿಷ್ಠ 95 ಪ್ರತಿಶತ ಹಿಡಿಯುತ್ತದೆಂದೇ ಆ ಹೆಸರು. ಭಾರತದಲ್ಲಿ ಇಂಥ ಮಾಸ್ಕುಗಳಿಗೆ ಐಎಸ್ 9473 ಎಂಬ ಮಾನಕವಿದೆ, ಎಫ್‌ಎಫ್‌ಪಿ2 ಎಂದು ಅಚ್ಚಾಗಿರುತ್ತದೆ. ತೊಳೆದರೆ ಆವೇಶ ಹೋಗಿ ಮಾಸ್ಕ್ ಕೆಡುತ್ತದೆ. ಮತ್ತೆ ಬಳಸಬೇಕೆನಿಸಿದರೆ ನಾಲ್ಕೈದು ಮಾಸ್ಕ್ ಇಟ್ಟುಕೊಂಡು, ಬಳಸಿದ್ದನ್ನು ಕಾಗದದ ಚೀಲದಲ್ಲಿ ಕೆಲವು ದಿನ ಒಣಗಲು ಬಿಟ್ಟು ಸರದಿಯಂತೆ ಹಾಕಬಹುದು. ಮುಂದೆ ಗುಂಡಗಿನ ಕವಾಟವಿರುವ ಎನ್95 ಹೊರಬಿಡುವ ಉಸಿರನ್ನು ಸೋಸದೆ ಬಿಡುತ್ತದೆ. ಸೋಂಕಿತರು ಹಾಕಿಕೊಂಡರೆ ಎದುರಿನವರಿಗೆ ರಕ್ಷಣೆ ಸಿಗದು. 2020ರ ಜುಲೈಯಲ್ಲೇ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಅವುಗಳ ವಿರುದ್ಧ ಎಚ್ಚರಿಸಿತ್ತು. ಆದರೂ ಸಿಗ್ನಲ್‌ಗಳಲ್ಲಿ ಅವುಗಳ ಮಾರಾಟ ನಡೆದೇ ಇತ್ತು.

ಬಟ್ಟೆಯ ಗುಣಕ್ಕಿಂತ ಮುಖಕ್ಕೆ ಅದು ಎಷ್ಟು ಬಿಗಿಯಾಗಿ ಕೂರುತ್ತದೆ ಎಂಬುದು ಹೆಚ್ಚು ಮುಖ್ಯ. ಕನ್ನಡಕದವರಿಗೆ ಪರೀಕ್ಷೆ ಸುಲಭ. ಉಸಿರು ಬಿಟ್ಟಾಗ ಗಾಜು ಮಂಜಾದರೆ ಮೂಗಿನ ಪಕ್ಕದಿಂದ ಗಾಳಿ ಸೋರುತ್ತಿದೆ. ಮೂಗಿನ ಮೇಲಿನ ತಂತಿಯನ್ನು ಒಂದು ಬೆರಳಿನಿಂದ ಚಿವುಟುವ ಬದಲು ಎರಡೂ ಕೈಬೆರಳುಗಳಿಂದ ನಡುವಿನಿಂದ ಹೊರಕ್ಕೆ ಒತ್ತಿ ಕೂರಿಸಬೇಕು. ಕಿವಿಗೆ ಸಿಕ್ಕಿಸುವ ದಾರಕ್ಕಿಂತ ತಲೆಯ ಹಿಂದೆ ಹೋಗುವ ಪಟ್ಟಿ ಬಿಗಿ ಕೊಡುತ್ತದೆ. ಗಡ್ಡ ದಟ್ಟವಾಗಿದ್ದರೆ ಎಷ್ಟು ಬೆಲೆಯ ಮಾಸ್ಕೂ ಪೂರ್ತಿ ಕೂರದು. ನೀಲಿ ಸರ್ಜಿಕಲ್ ಮಾಸ್ಕಿನ ಎರಡೂ ಬದಿಯಲ್ಲಿ ಬಾಯಿ ತೆರೆದುಕೊಂಡಿರುತ್ತದಲ್ಲ, ಅಲ್ಲಿ ಕಿವಿದಾರವನ್ನು ಬುಡದಲ್ಲೇ ಗಂಟು ಹಾಕಿ, ಮಿಕ್ಕ ಮಡಿಕೆಯನ್ನು ಒಳಗೆ ತುರುಕಿದರೆ ಸೋರಿಕೆ ಬಹಳಷ್ಟು ತಗ್ಗುತ್ತದೆ. ಮೂಗಿನ ಕೆಳಗೆ ಇಳಿಸಿಕೊಂಡ, ಗಲ್ಲಕ್ಕೆ ತೊಡಿಸಿದ ಮಾಸ್ಕಿನ ಬಗ್ಗೆ ಬರೆಯುವುದೇ ಬೇಡ. ಅದು ದಂಡ ಹಾಕುವ ಮಾರ್ಷಲ್‌ಗೆ ತೋರಿಸಲಿಕ್ಕೆ ಮಾತ್ರ. ಎರಡು ವರ್ಷದೊಳಗಿನ ಮಕ್ಕಳಿಗೆ ಉಸಿರುಕಟ್ಟುವ ಅಪಾಯವಿದೆ. ಐದು ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಮಾಸ್ಕ್ ಬೇಡವೆಂದು 2021ರ ಜೂನ್‌ನಲ್ಲಿ ಅದೇ ಮಹಾನಿರ್ದೇಶನಾಲಯ ಹೇಳಿತು.

ಮಾಸ್ಕಿನಿಂದ ನಿಜಕ್ಕೂ ಎಷ್ಟು ಉಪಯೋಗ? ಇದರ ಬಗ್ಗೆ ನಡೆದ ಅತಿ ದೊಡ್ಡ ಪ್ರಯೋಗ ಬಾಂಗ್ಲಾದೇಶದ್ದು. ಸುಮಾರು 600 ಹಳ್ಳಿಗಳಲ್ಲಿ ಮೂರು ಲಕ್ಷಕ್ಕೂ ಹೆಚ್ಚು ವಯಸ್ಕರನ್ನು ಒಳಗೊಂಡ ಈ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಉಚಿತ ಮಾಸ್ಕು, ಊರ ಹಿರಿಯರ ಮಾತು, ಬೀದಿಯಲ್ಲಿ ನೆನಪಿಸುವ ಕಾರ್ಯಕರ್ತರು ಎಲ್ಲ ಸೇರಿ ಮಾಸ್ಕ್ ಧರಿಸುವವರ ಪ್ರಮಾಣವನ್ನು 13 ಪ್ರತಿಶತದಿಂದ 42ಕ್ಕೆ ಏರಿಸಿದರು. ಲಕ್ಷಣ ಸಹಿತ ಸೋಂಕು ಒಟ್ಟಾರೆ ಸುಮಾರು 9 ಪ್ರತಿಶತ ಇಳಿಯಿತು. ಸರ್ಜಿಕಲ್ ಮಾಸ್ಕ್ ಕೊಟ್ಟ ಹಳ್ಳಿಗಳಲ್ಲಿ 60 ದಾಟಿದವರಲ್ಲಿ ಇಳಿಕೆ 35 ಪ್ರತಿಶತದಷ್ಟಿತ್ತು. ಬಟ್ಟೆ ಮಾಸ್ಕಿನ ಫಲಿತಾಂಶ ಅಷ್ಟು ಸ್ಪಷ್ಟವಾಗಿರಲಿಲ್ಲ. ಡೆನ್ಮಾರ್ಕಿನ ಪ್ರಯೋಗ ಯಾವ ತೀರ್ಮಾನಕ್ಕೂ ಬರಲಿಲ್ಲ, 2023ರ ಕೊಕ್ರೇನ್ ಪರಾಮರ್ಶೆಯೂ ಅನಿಶ್ಚಿತವೆಂದೇ ಬರೆಯಿತು. ಇವನ್ನು ಹಿಡಿದುಕೊಂಡು ಮಾಸ್ಕ್ ವ್ಯರ್ಥ ಎನ್ನುವವರಿದ್ದಾರೆ. ಜನರಿಗೆ ಮಾಸ್ಕ್ ಹಂಚಿದರೆ ಏನಾಗುತ್ತದೆ ಎಂಬುದು ಒಂದು ಪ್ರಶ್ನೆ, ಬಿಗಿಯಾಗಿ ಹಾಕಿಕೊಂಡವನ ಮೂಗಿಗೆ ಎಷ್ಟು ಕಣ ಹೋಗುತ್ತದೆ ಎಂಬುದು ಇನ್ನೊಂದು. ಎರಡನೆಯದಕ್ಕೆ ಪ್ರಯೋಗಶಾಲೆಗಳ ಉತ್ತರದಲ್ಲಿ ಗೊಂದಲವಿಲ್ಲ.

ಜಾಗ, ಹೊತ್ತು, ಗುಂಪು

ಜಪಾನ್ 2020ರ ಮಾರ್ಚ್‌ನಲ್ಲೇ ತನ್ನ ಜನರಿಗೆ ಮೂರು ಸಂಗತಿಗಳನ್ನು ತಪ್ಪಿಸಲು ಹೇಳಿತು: ಗಾಳಿಯಾಡದ ಕೋಣೆ, ಗಿಜಿಗುಡುವ ಗುಂಪು, ಹತ್ತಿರ ಕುಳಿತು ಮಾತಾಡುವುದು. ಮೂರೂ ಒಟ್ಟಿಗೆ ಸೇರಿದ ಜಾಗ ಅತಿ ಅಪಾಯದ್ದು. ಬೇರೆ ದೇಶಗಳ ನಿಯಮಗಳಿಗಿಂತ ಇದು ಉತ್ತಮವಾಗಿತ್ತು ಎನ್ನಬೇಕು, ಏಕೆಂದರೆ ಹೊಸ ಸನ್ನಿವೇಶ ಎದುರಾದಾಗ ಜನ ತಾವೇ ಯೋಚಿಸಿ ತೀರ್ಮಾನಿಸಲು ಇದರಿಂದ ಸಾಧ್ಯವಿತ್ತು. ಇದಕ್ಕೆ ಸೇರಿಸಬೇಕಾದದ್ದು ಹೊತ್ತು. ರೋಗಿಯಿಂದ ಆರು ಅಡಿಯೊಳಗೆ 24 ಗಂಟೆಯಲ್ಲಿ ಒಟ್ಟು 15 ನಿಮಿಷ ಇದ್ದವರನ್ನು ಅಮೆರಿಕದ ಸಿಡಿಸಿ ನಿಕಟ ಸಂಪರ್ಕಿತರೆಂದು ಎಣಿಸುತ್ತಿತ್ತು. ಹದಿನಾಲ್ಕನೆಯ ನಿಮಿಷದಲ್ಲಿ ಎದ್ದುಹೋದರೆ ಬಚಾವು ಎಂದು ಇದರ ಅರ್ಥವಲ್ಲ. ಪತ್ತೆ ಕೆಲಸಕ್ಕೆ ಎಲ್ಲೋ ಒಂದು ಗೆರೆ ಎಳೆಯಬೇಕಿತ್ತು.

ಬಯಲು ಒಳಾಂಗಣಕ್ಕಿಂತ ಬಹಳ ಸುರಕ್ಷಿತ. 2020ರವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಬಯಲಲ್ಲಿ ದಾಟಿದ ಸೋಂಕು ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಇತ್ತು. ಹೀಗಿದ್ದೂ ಉದ್ಯಾನಗಳಿಗೆ ಬೀಗ ಬಿದ್ದು ಏಸಿ ಮಳಿಗೆಗಳು ತೆರೆದ ದಿನಗಳನ್ನು ಬೆಂಗಳೂರು ಕಂಡಿದೆ.

ಬಸ್ಸು, ಮೆಟ್ರೊಗಳ ವಿಷಯದಲ್ಲೂ ಮುಟ್ಟುವುದರ ಭಯವೇ ಮೇಲಾಯಿತು. 2020ರ ಮೇ ತಿಂಗಳಲ್ಲಿ ಮತ್ತೆ ರಸ್ತೆಗಿಳಿದ ಬಿಎಂಟಿಸಿ ಬಸ್ಸುಗಳು ಆರಂಭದಲ್ಲಿ ಟಿಕೆಟ್ ಹರಿಯದೆ ಪಾಸ್ ಇದ್ದವರನ್ನಷ್ಟೇ ಹತ್ತಿಸಿಕೊಂಡವು. ಸೆಪ್ಟೆಂಬರ್ 7ರಂದು ಓಡಲು ಶುರುವಾದ ನಮ್ಮ ಮೆಟ್ರೊದಲ್ಲಿ ಟೋಕನ್ ನಿಲ್ಲಿಸಿ ಸ್ಮಾರ್ಟ್ ಕಾರ್ಡ್ ಮಾತ್ರ ಇಟ್ಟರು. ಇವೆಲ್ಲ ತಪ್ಪಲ್ಲ, ಆದರೆ ಪ್ರಯಾಣಿಕನಿಗೆ ಹೆಚ್ಚು ಉಪಕಾರಿಯಾದದ್ದು ತೆರೆದ ಕಿಟಕಿ. ಕೆಂಪು ಬಸ್ಸಿನ ಸರಿಸುವ ಗಾಜುಗಳೆಲ್ಲ ತೆರೆದಿದ್ದು ಬಸ್ಸು ಓಡುತ್ತಿದ್ದರೆ ಒಳಗಿನ ಗಾಳಿ ಬೇಗ ಬದಲಾಗುತ್ತದೆ. ಮಳೆ ಬಂದು ಎಲ್ಲರೂ ಗಾಜು ಮುಚ್ಚಿ, ಬಸ್ಸು ಸಿಗ್ನಲ್‌ನಲ್ಲಿ ನಿಂತಾಗ ಅದೇ ಬಸ್ಸು ಬೇರೆಯಾಗುತ್ತದೆ. ಎರಡೂ ಬದಿ ತೆರೆದ ಆಟೊ ಏಸಿ ಕ್ಯಾಬಿಗಿಂತ ಮೇಲು. ಕಾರಿನಲ್ಲಿ ಹೋಗುವುದಾದರೆ ಪ್ರಯಾಣಿಕ ಚಾಲಕನ ಹಿಂದೆ ಕೂರದೆ ಕರ್ಣದ ಮೂಲೆಯಲ್ಲಿ ಕುಳಿತು, ಗಾಜುಗಳನ್ನು ಸ್ವಲ್ಪವಾದರೂ ಇಳಿಸುವುದು ಒಳ್ಳೆಯದು.

ಹೋಟೆಲಿನಲ್ಲಿ ಮಾಸ್ಕ್ ತೆಗೆಯಲೇಬೇಕು, ಆದ್ದರಿಂದ ಜಾಗದ ಆಯ್ಕೆಯೇ ಎಲ್ಲ. ಮುಂಭಾಗ ಪೂರ್ತಿ ತೆರೆದ, ನಿಂತೇ ಇಡ್ಲಿ ವಡೆ ತಿಂದು ಹತ್ತು ನಿಮಿಷದಲ್ಲಿ ಹೊರಡುವ ದರ್ಶಿನಿ, ಬಾಗಿಲು ಮುಚ್ಚಿದ ಫ್ಯಾಮಿಲಿ ರೂಮಿಗಿಂತ ಸುರಕ್ಷಿತ. ಅಲ್ಲಿ ಕೌಂಟರಿನ ಮುಂದಿನ ನೂಕುನುಗ್ಗಲನ್ನು ತಪ್ಪಿಸಬೇಕಷ್ಟೆ. ಮದುವೆಗಳಲ್ಲಿ ಧಾರೆಯ ಹೊತ್ತಿಗಿಂತ ಊಟದ ಹಾಲ್ ಅಪಾಯಕಾರಿ. ಸಾಲುಪಂಕ್ತಿಯಲ್ಲಿ ಮೈಗೆ ಮೈ ತಾಗಿಸಿ ಕುಳಿತು, ಗದ್ದಲದ ಮೇಲೆ ಧ್ವನಿ ಏರಿಸಿ ಮಾತಾಡುತ್ತ, ಬರಿಮುಖದಲ್ಲಿ ಅರ್ಧ ಗಂಟೆ ಕಳೆಯುವ ಜಾಗ ಅದು. 2020ರ ಮೇ ತಿಂಗಳ ಮಾರ್ಗಸೂಚಿ ಮದುವೆಗೆ 50 ಜನ, ಅಂತ್ಯಕ್ರಿಯೆಗೆ 20 ಜನ ಎಂದು ಮಿತಿ ಹಾಕಿತ್ತು. ಜಾಗ ಎಂಥದ್ದಿರಬೇಕು ಎಂಬ ಬಗ್ಗೆ ಅಷ್ಟು ಚಿಂತಿಸಿರಲಿಲ್ಲ. ಚಪ್ಪರದಡಿಯ ನೂರು ಜನಕ್ಕಿಂತ ಮುಚ್ಚಿದ ಹಾಲಿನ ಐವತ್ತು ಜನ ಹೆಚ್ಚು ಅಪಾಯದಲ್ಲಿರಬಹುದು. ಆ ವರ್ಷದ ಮೈಸೂರು ದಸರಾ ಜಂಬೂಸವಾರಿ ಬನ್ನಿಮಂಟಪದವರೆಗೆ ಹೋಗದೆ ಅರಮನೆ ಆವರಣದೊಳಗೇ ಮುಗಿಯಿತು.

ಶಿಕ್ಷಣದ ವಿಷಯದಲ್ಲಿ ಕರ್ನಾಟಕ ಎರಡು ದೊಡ್ಡ ಪ್ರಯೋಗಗಳನ್ನು ಮಾಡಿತು. ತಮಿಳುನಾಡು, ತೆಲಂಗಾಣ ಹತ್ತನೆಯ ತರಗತಿಯ ಪರೀಕ್ಷೆ ರದ್ದು ಮಾಡಿದಾಗ ಕರ್ನಾಟಕ 2020ರ ಜೂನ್ 25ರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಸಿತು. ನೋಂದಾಯಿಸಿದವರು 8 ಲಕ್ಷಕ್ಕೂ ಹೆಚ್ಚು. ಕೋಣೆಗೆ ಇಪ್ಪತ್ತರ ಆಸುಪಾಸು ಮಕ್ಕಳು, ಮಾಸ್ಕು, ಬಾಗಿಲಲ್ಲಿ ಥರ್ಮಲ್ ಗನ್. ಗಡಿ ದಾಟಿ ಬರಬೇಕಿದ್ದ ಕಾಸರಗೋಡಿನ ಮಕ್ಕಳಿಗೆ ವಾಹನದ ವ್ಯವಸ್ಥೆಯೂ ಆಯಿತು. ಎರಡನೆಯದು ವಿದ್ಯಾಗಮ. ಶಾಲೆ ಮುಚ್ಚಿದ್ದಾಗ ಶಿಕ್ಷಕರೇ ಊರೊಳಗೆ ಹೋಗಿ ಅರಳಿಕಟ್ಟೆ, ದೇವಸ್ಥಾನದ ಜಗಲಿ, ಮರದ ನೆರಳಿನಲ್ಲಿ ಚಿಕ್ಕ ಚಿಕ್ಕ ಗುಂಪುಗಳಿಗೆ ಪಾಠ ಮಾಡುವ ಯೋಜನೆ. 2020ರ ಆಗಸ್ಟ್‌ನಲ್ಲಿ ಶುರುವಾಗಿ, ಶಿಕ್ಷಕರು ಮತ್ತು ಮಕ್ಕಳಲ್ಲಿ ಸೋಂಕು ಕಂಡ ವರದಿಗಳ ನಂತರ ಅಕ್ಟೋಬರ್‌ನಲ್ಲಿ ನಿಂತಿತು. ಬಯಲನ್ನು ತರಗತಿಯಾಗಿಸುವ ಆಲೋಚನೆ ಗಾಳಿಯ ಲೆಕ್ಕದಲ್ಲಿ ಪೂರ್ತಿ ಸರಿಯಾಗಿತ್ತು, ತಿದ್ದಿ ಮುಂದುವರಿಸಬಹುದಾಗಿತ್ತು.

ಕೈ, ಮೇಲ್ಮೈ, ಸಿಂಪಡಣೆ

ಕೈ ತೊಳೆಯುವುದು ಹಳೆಯ, ಅಗ್ಗದ, ಹಲವು ರೋಗಗಳಿಗೆ ಆಗುವ ಉಪಾಯ. ಸಾಬೂನು ಕೊರೋನ ವೈರಸ್ಸಿನ ಕೊಬ್ಬಿನ ಹೊರಪದರವನ್ನೇ ಒಡೆಯುತ್ತದೆ. 20 ಸೆಕೆಂಡು ಉಜ್ಜಬೇಕು, ಉಗುರ ಸಂದು, ಹೆಬ್ಬೆರಳ ಬುಡ ಬಿಡಬಾರದು. ಸ್ಯಾನಿಟೈಸರ್‌ನಲ್ಲಿ ಆಲ್ಕೋಹಾಲ್ ಕನಿಷ್ಠ 60 ಪ್ರತಿಶತ ಇರಬೇಕು. ಅದು ಆರುವ ಮುನ್ನ ಒಲೆಯ ಬಳಿ ಹೋಗುವಂತಿಲ್ಲ, ಮಣ್ಣು ಜಿಡ್ಡು ಹಿಡಿದ ಕೈಗೆ ಅದರಿಂದ ಹೆಚ್ಚು ಫಲವೂ ಇಲ್ಲ.

ವಸ್ತುಗಳ ಮೂಲಕ ಕೋವಿಡ್ ದಾಟುವ ಭಯ ಅತಿಯಾಗಿತ್ತು. ಪ್ಲಾಸ್ಟಿಕ್ ಮೇಲೆ ವೈರಸ್ ಮೂರು ದಿನದವರೆಗೆ ಉಳಿಯುತ್ತದೆ ಎಂಬ 2020ರ ಮಾರ್ಚ್ ತಿಂಗಳ ಪ್ರಯೋಗಶಾಲೆಯ ವರದಿ ಓದಿ ಜನ ಹಾಲಿನ ಪ್ಯಾಕೆಟ್ಟು, ಟೊಮೆಟೊ, ನೋಟುಗಳನ್ನೆಲ್ಲ ತೊಳೆದರು. ಮೇಲ್ಮೈ ಮುಟ್ಟಿದ್ದರಿಂದ ಸೋಂಕಾಗುವ ಸಾಧ್ಯತೆ ಸಾಮಾನ್ಯವಾಗಿ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎಂದು ಸಿಡಿಸಿ 2021ರ ಏಪ್ರಿಲ್‌ನಲ್ಲಿ ಹೇಳಿತು. ಮನುಷ್ಯರ ಮೇಲೆಯೇ ಸೋಂಕುನಿವಾರಕ ಸಿಂಪಡಿಸುವ ಸುರಂಗಗಳು ಮಾರುಕಟ್ಟೆ, ಕಚೇರಿಗಳ ಮುಂದೆ ಎದ್ದವು. ಬರೇಲಿಯಲ್ಲಿ ಊರಿಗೆ ಮರಳುತ್ತಿದ್ದ ಕೂಲಿಕಾರರನ್ನು ರಸ್ತೆಯಲ್ಲಿ ಕೂರಿಸಿ ಬ್ಲೀಚಿಂಗ್ ದ್ರಾವಣ ಎರಚಿದ ದೃಶ್ಯವನ್ನು ದೇಶವೇ ನೋಡಿತು. ಇದು ಹಾನಿಕರ, ನಿಷ್ಪ್ರಯೋಜಕ ಎಂದು ಆರೋಗ್ಯ ಸಚಿವಾಲಯ ಏಪ್ರಿಲ್‌ನಲ್ಲಿ ತಿಳಿಸಿತು, ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನಿಷೇಧಕ್ಕೆ ಕ್ರಮ ಕೈಗೊಳ್ಳಲು ಸೂಚಿಸಿತು. ಥರ್ಮಲ್ ಗನ್ನಿನದೂ ಹೆಚ್ಚುಕಡಿಮೆ ಇದೇ ಕಥೆ. ಜ್ವರ ಬರುವ ಮೊದಲೇ ಸೋಂಕು ಹರಡುವ ರೋಗವನ್ನು, ಬಿಸಿಲಲ್ಲಿ ನಡೆದುಬಂದವನ ಮುಂಗೈಗೆ ಹಿಡಿದ ಆ ಯಂತ್ರ ಹಿಡಿಯುವುದು ಕಷ್ಟ.

ನಿಯಮ, ದಂಡ ಮತ್ತು ಹೊರಗಿರಲೇಬೇಕಾದವರು

2020ರ ಮಾರ್ಚ್‌ನಲ್ಲಿ ವಿದೇಶದಿಂದ ಬಂದವರ ಕೈಗೆ ಅಳಿಸದ ಶಾಯಿಯ ಮುದ್ರೆ ಒತ್ತಲಾಯಿತು. ಮನೆಯಲ್ಲಿ ಕ್ವಾರಂಟೈನ್ ಆದವರು ಬೆಳಗಿನಿಂದ ರಾತ್ರಿ ಹತ್ತರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಬೇಕೆಂದು ಕರ್ನಾಟಕ ಸರ್ಕಾರ ಆದೇಶಿಸಿತು. ಪ್ಲೇಗ್ ಪಾಸ್‌ಪೋರ್ಟಿನ ಮೊಮ್ಮಗು ಇದು. ಮಾಸ್ಕ್ ದಂಡವನ್ನು ಅಕ್ಟೋಬರ್ ಆರಂಭದಲ್ಲಿ ನಗರಗಳಲ್ಲಿ ₹1,000ಕ್ಕೆ ಏರಿಸಿ, ಜನ ಸಿಟ್ಟಾದಾಗ ಕೆಲವೇ ದಿನಗಳಲ್ಲಿ ₹250ಕ್ಕೆ, ಗ್ರಾಮೀಣ ಭಾಗದಲ್ಲಿ ₹100ಕ್ಕೆ ಇಳಿಸಲಾಯಿತು. ಕಾರಿನಲ್ಲಿ ಒಬ್ಬರೇ ಇದ್ದರೂ ಮಾಸ್ಕ್ ಬೇಕೆಂದು ದೆಹಲಿ ಹೈಕೋರ್ಟ್ 2021ರ ಏಪ್ರಿಲ್‌ನಲ್ಲಿ ಹೇಳಿದ್ದುಂಟು. ಗಾಳಿಯ ಸೂಕ್ಷ್ಮಗಳನ್ನು ಕಾನೂನು ಹಿಡಿಯಲಾರದು, ಕಣ್ಣಿಗೆ ಕಾಣುವುದನ್ನೇ ಹಿಡಿಯುತ್ತದೆ. ಆದರೆ ಖಾಲಿ ರಸ್ತೆಯಲ್ಲಿ ಒಬ್ಬಂಟಿ ಸೈಕಲ್ ಸವಾರನಿಗೆ ರಸೀದಿ ಹರಿದು, ಪಕ್ಕದ ಗಿಜಿಗಿಜಿ ಸಭಾಂಗಣವನ್ನು ನೋಡದೆ ಹೋದಾಗ ನಿಯಮದ ಮೇಲಿನ ನಂಬಿಕೆಯೇ ಸಡಿಲವಾಗುತ್ತದೆ.

ಅಗತ್ಯವಿದ್ದರಷ್ಟೇ ಹೊರಗೆ ಬನ್ನಿ ಎಂಬ ಸಲಹೆ ಆಯ್ಕೆ ಇರುವವರಿಗೆ ಹೇಳಿದ ಮಾತು. ಪೌರಕಾರ್ಮಿಕರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಡೆಲಿವರಿ ಹುಡುಗರು, ಬಸ್ಸಿನ ಕಂಡಕ್ಟರುಗಳು ದಿನಕ್ಕೆ ಎಂಟು ಹತ್ತು ಗಂಟೆ ಹೊರಗೇ ಇದ್ದರು. ಮನೆಮನೆ ಸಮೀಕ್ಷೆಗೆ ಹೋಗುತ್ತಿದ್ದ ಆಶಾ ಕಾರ್ಯಕರ್ತೆಯರು 2020ರ ಜುಲೈಯಲ್ಲಿ ₹12,000 ಗೌರವಧನ ಮತ್ತು ಸುರಕ್ಷಾ ಸಾಮಗ್ರಿ ಕೇಳಿ ಮುಷ್ಕರ ಹೂಡಬೇಕಾಯಿತು. ಇಂಥವರ ಸುರಕ್ಷತೆ ಅವರ ಎಚ್ಚರಕ್ಕಿಂತ ಹೆಚ್ಚಾಗಿ ಕೆಲಸ ಕೊಟ್ಟವರು ಏರ್ಪಡಿಸುವ ಸಂಗತಿ: ಗಾಳಿಯಾಡುವ ಶೆಡ್ಡು, ಒಳ್ಳೆಯ ಮಾಸ್ಕು, ಊಟಕ್ಕೆ ಬಯಲು, ಜ್ವರ ಬಂದ ದಿನ ಸಂಬಳ ಕಡಿಯದ ರಜೆ. ಕೊನೆಯದು ಇಲ್ಲದಿದ್ದರೆ ಜ್ವರದ ಮಾತ್ರೆ ನುಂಗಿ ಕೆಲಸಕ್ಕೆ ಬರುವವರನ್ನು ಯಾವ ದಂಡವೂ ತಡೆಯಲಾರದು.

ಭಾರತದಲ್ಲಿ 2021ರ ಜನವರಿ 16ರಂದು ಶುರುವಾದ ಲಸಿಕೆ ಕಾರ್ಯಕ್ರಮ ಅಕ್ಟೋಬರ್ 21ಕ್ಕೆ 100 ಕೋಟಿ ಡೋಸ್ ಮುಟ್ಟಿತು. ಲಸಿಕೆ ತೀವ್ರ ಕಾಯಿಲೆ, ಸಾವುಗಳನ್ನು ಬಹಳ ಮಟ್ಟಿಗೆ ತಗ್ಗಿಸಿತು. ಸೋಂಕು ತಗುಲುವುದನ್ನು, ಅದರಲ್ಲೂ ವೈರಸ್ಸಿನ ಒಮಿಕ್ರಾನ್ ತಳಿ ಬಂದ ಮೇಲೆ, ಅಷ್ಟು ತಡೆಯಲಿಲ್ಲ. ಆದ್ದರಿಂದ ಮನೆಯಲ್ಲಿ ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಇದ್ದರೆ ಲಸಿಕೆ ಪಡೆದವರೂ ಜನಜಂಗುಳಿಯಲ್ಲಿ ಮಾಸ್ಕ್ ಬಿಡಬಾರದು, ಅಂಗಡಿಗೆ ಜನ ಕಡಿಮೆ ಇರುವ ಹೊತ್ತು ನೋಡಿ ಹೋಗಬೇಕು ಎಂಬ ಸಲಹೆ ಉಳಿದುಕೊಂಡಿತು.

ಮರಳಿದ ಮೇಲೆ

ಹೊರಗಿನಿಂದ ಬಂದವರು ಮಾಸ್ಕನ್ನು ಮುಂಭಾಗ ಮುಟ್ಟದೆ ದಾರ ಹಿಡಿದು ತೆಗೆದು, ಕೈ ತೊಳೆದರೆ ಸಾಕು. ಬಟ್ಟೆ ಮಾಸ್ಕನ್ನು ದಿನವೂ ಸಾಬೂನಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ತರಕಾರಿಗೆ ಬರಿ ನೀರು ಸಾಕು, ಸಾಬೂನು ಬೇಡ. ಗಂಟಲು ಕೆರೆತ, ಮೈಕೈ ನೋವು, ಜ್ವರ ಕಂಡರೆ ಬೇರೆ ಕೋಣೆ ಇಲ್ಲದ ಮನೆಗಳಲ್ಲಿ ರೋಗಿಯೂ ಮನೆಯವರೂ ಮಾಸ್ಕ್ ಹಾಕಿ, ಕಿಟಕಿ ತೆರೆದಿಟ್ಟು, ಊಟವನ್ನು ಬೇರೆ ಹೊತ್ತಿನಲ್ಲಿ ಮಾಡುವುದು ಒಂದು ಮಟ್ಟಿಗೆ ಫಲ ಕೊಡುತ್ತದೆ. ಮನೆಯಲ್ಲೇ ಮಾಡಿಕೊಳ್ಳುವ ಮೊದಲ ಪರೀಕ್ಷಾ ಕಿಟ್‌ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2021ರ ಮೇ ತಿಂಗಳಲ್ಲಿ ಒಪ್ಪಿಗೆ ಕೊಟ್ಟಿತು. ಈ ಕಿಟ್‌ನಲ್ಲಿ ಪಾಸಿಟಿವ್ ಬಂದರೆ ಅದನ್ನು ನಂಬಬಹುದು. ನೆಗೆಟಿವ್ ಬಂದು ಲಕ್ಷಣಗಳಿದ್ದರೆ ಆರ್‌ಟಿ-ಪಿಸಿಆರ್ ಮಾಡಿಸಬೇಕು, ಫಲಿತಾಂಶ ಬರುವವರೆಗೆ ಸೋಂಕಿತರೆಂದೇ ತಿಳಿದು ಹೊರಗಿನ ಓಡಾಟ ನಿಲ್ಲಿಸಬೇಕು.